ರಾತ್ರಿ 200, ಬೆಳಿಗ್ಗೆ 150: ಏರ್ ರೈಫಲ್‌ನ ಗಾಳಿ ಎಲ್ಲಿ ಹೋಗುತ್ತಿದೆ?

ಪ್ರಶ್ನೆ: ನಾನು ಕಲಬುರಗಿಯಲ್ಲಿ ಶಾಲಾ ಶಿಕ್ಷಕಿ. ಮಗಳು ಪಿಯುಸಿ ಎರಡನೇ ವರ್ಷದಲ್ಲಿದ್ದಾಳೆ, 10 ಮೀಟರ್ ಏರ್ ರೈಫಲ್ ಶೂಟಿಂಗ್ ಮಾಡುತ್ತಾಳೆ. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಪಿಸಿಪಿ ಮ್ಯಾಚ್ ರೈಫಲ್ (ಸಿಲಿಂಡರ್‌ನಲ್ಲಿ ಮೊದಲೇ ಗಾಳಿ ತುಂಬಿಡುವ, ಸ್ಪರ್ಧೆಯ ರೈಫಲ್) ಕೊಂಡೆವು. ಮನೆಯಲ್ಲೇ ಹ್ಯಾಂಡ್ ಪಂಪಿನಿಂದ ಗಾಳಿ ತುಂಬುತ್ತೇವೆ. ಏಪ್ರಿಲ್‌ನಿಂದ ತೊಂದರೆ ಶುರುವಾಗಿದೆ. ರಾತ್ರಿ 200 ಬಾರ್ (ಗಾಳಿಯ ಒತ್ತಡದ ಅಳತೆ) ತುಂಬಿಟ್ಟರೆ ಬೆಳಿಗ್ಗೆ 150 ತೋರಿಸುತ್ತದೆ. ಹತ್ತು ನಿಮಿಷ ಬಿಟ್ಟು ಹೊಡೆದರೆ ಮೊದಲ ಪೆಲೆಟ್ (ಸೀಸದ ಪುಟ್ಟ ಗುಂಡು) ಟಾರ್ಗೆಟ್‌ನಲ್ಲಿ ಮೇಲೆ 9ರ ರಿಂಗ್‌ಗೆ ಹೋಗುತ್ತದೆ, ಆಮೇಲಿನವು ಸರಿಯಾಗಿ ಬೀಳುತ್ತವೆ. ಇಲ್ಲಿಯ ಒಬ್ಬ ಮೆಕ್ಯಾನಿಕ್ "ಸ್ಪ್ರಿಂಗ್ ಹೋಗ್ಯದ್ರೀ" ಅಂದರು. ಇನ್ನೊಬ್ಬರು ಎಣ್ಣೆ ಬಿಡಿ ಅಂದರು. ಬಿಸಿಲಿಗೆ ಗಾಳಿ ಹೋಗುತ್ತದೆ ಅಂತಲೂ ಕೇಳಿದೆ. ನನ್ನ ತಮ್ಮ, ಪಂಪ್ ಹೊಡೆಯೋದು ಯಾಕೆ, ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ತುಂಬಿಸಿಕೊಂಡು ಬರುತ್ತೇನೆ ಅನ್ನುತ್ತಿದ್ದಾನೆ. ನಾವೇ ಬಿಚ್ಚಿ ನೋಡಬಹುದಾ? ಬೆಂಗಳೂರಿಗೆ ಕಳಿಸಬೇಕಾ? ಎರಡು ತಿಂಗಳಲ್ಲಿ ಸೆಲೆಕ್ಷನ್ ಇದೆ. ಇನ್ನೊಂದು, ಸಿಲಿಂಡರ್ ಕುತ್ತಿಗೆ ಹತ್ತಿರ 03/2013 ಅಂತ ಕೆತ್ತಿದೆ. ಅದು ಮಾಡೆಲ್ ನಂಬರಾ?

ಉತ್ತರ: ಅಕ್ಕೋರೇ, ಇದನ್ನು ಪೂರ್ತಿ ಓದುವ ಮೊದಲು ತಮ್ಮನಿಗೊಂದು ಫೋನ್ ಮಾಡಿ. ಆಕ್ಸಿಜನ್ ಬೇಡವೇ ಬೇಡ ಅಂತ ಹೇಳಿ. ಮಿಕ್ಕಿದ್ದು ನಿಧಾನಕ್ಕೆ ಮಾತಾಡೋಣ.

ತಮ್ಮನನ್ನು ಬೈಯಬೇಡಿ. ಅವನ ಲೆಕ್ಕ ಮೇಲ್ನೋಟಕ್ಕೆ ಸರಿಯಾಗಿಯೇ ಇದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹತ್ತು ಬಾರ್ ಕೊಟ್ಟರೆ ಹೆಚ್ಚು, ಅದು ಈ ರೈಫಲ್‌ಗೆ ಯಾವ ಮೂಲೆಗೂ ಸಾಲದು. ವೆಲ್ಡಿಂಗ್ ಅಂಗಡಿಯ ತುಂಬಿದ ಸಿಲಿಂಡರ್‌ನಲ್ಲಿ ಸುಮಾರು 150 ಬಾರ್ ಇರುತ್ತದೆ. ಅದೂ ಗಾಳಿ, ಇದೂ ಗಾಳಿ, ಹಾಕಿದರೇನು ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ನಾವು ಉಸಿರಾಡುವ ಗಾಳಿಯಲ್ಲಿ ಆಕ್ಸಿಜನ್ ಇರುವುದು ಐದರಲ್ಲಿ ಒಂದು ಪಾಲು ಮಾತ್ರ. ಬರೀ ಆಕ್ಸಿಜನ್ ಅಷ್ಟು ಒತ್ತಡದಲ್ಲಿ ಸೇರಿದರೆ ಒಳಗಿನ ಗ್ರೀಸು, ರಬ್ಬರು ಹೊತ್ತಿಕೊಳ್ಳುತ್ತವೆ. ಒಮ್ಮೆ ಹೊತ್ತಿಕೊಂಡರೆ ಅಲ್ಯೂಮಿನಿಯಂ ಕೂಡ ಉರಿಯುತ್ತದೆ. ಬೇಕಾದರೆ ವೆಲ್ಡಿಂಗ್ ಅಂಗಡಿಯವರನ್ನೇ ಕೇಳಿ. ಆಕ್ಸಿಜನ್ ರೆಗ್ಯುಲೇಟರನ್ನು ಎಣ್ಣೆ ಕೈಯಲ್ಲಿ ಮುಟ್ಟಬೇಡ ಅಂತ ಅವರ ಉಸ್ತಾದ್ ಮೊದಲ ದಿನವೇ ಹೇಳಿಕೊಟ್ಟಿರುತ್ತಾನೆ. ನಿಮ್ಮ ಮಗಳು ಆ ಸಿಲಿಂಡರನ್ನು ಕೆನ್ನೆಯಿಂದ ಒಂದು ಗೇಣು ದೂರದಲ್ಲಿ ಹಿಡಿದು ನಿಲ್ಲುತ್ತಾಳೆ, ಅಲ್ವಾ?

ಎಣ್ಣೆಯ ಮಾತೂ ಇದೇ ಜಾತಿಯದು. ನಾನು ಈ ಏರ್ ರೈಫಲ್ ರಿಪೇರಿ ಕೆಲಸಕ್ಕೆ ಬಂದದ್ದು ಹುಮನಾಬಾದ್‌ನ ಡೀಸೆಲ್ ಪಂಪ್ ಅಂಗಡಿಯಿಂದ. ಪುಣೆ-ಹೈದರಾಬಾದ್ ರಸ್ತೆಯ ಲಾರಿಗಳ ಪಂಪು, ನಾಜಲ್ ಬಿಚ್ಚಿ ಕಟ್ಟುತ್ತಾ ಬೆಳೆದವನು. ಹಳೇ ಲಾರಿಯ ನಾಜಲ್ ಬಾಯಿ ಬಿಡುವುದೂ ಹೆಚ್ಚು ಕಡಿಮೆ 200 ಬಾರ್‌ಗೇ. ಹಾಗಾಗಿ ಬೀದರ್‌ಗೆ ಬಂದು ಅಂಗಡಿ ಹಾಕಿದ ಮೇಲೆ ಮೊದಲ ಸಲ ಒಂದು ಪಿಸಿಪಿ ರೈಫಲ್ ಟೇಬಲ್ ಮೇಲೆ ಬಂದಾಗ ಆ ಅಂಕಿ ನೋಡಿ ಹಳೇ ಗೆಳೆಯ ಸಿಕ್ಕ ಹಾಗಾಯಿತು. ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಹದಿನೆಂಟು ಇಪ್ಪತ್ತು ಪಟ್ಟು ಒತ್ತಿದರೆ ಅದು ಎಷ್ಟು ಕಾಯುತ್ತದೆ ಅಂದರೆ, ಎಣ್ಣೆ ಚಿಮ್ಮಿದ ಕೂಡಲೇ ತಾನೇ ಹೊತ್ತಿಕೊಳ್ಳುತ್ತದೆ. ನಿಮ್ಮ ರೈಫಲ್‌ನ ಸಣ್ಣ ದಾರಿಯೊಳಗೆ ಗಾಳಿ ರಭಸದಿಂದ ನುಗ್ಗಿದಾಗಲೂ ಅದೇ ಕಾವು ಹುಟ್ಟುತ್ತದೆ. ಅಲ್ಲಿ ಎಣ್ಣೆ ಇದ್ದರೆ ನೀವು ರೈಫಲ್‌ನೊಳಗೆ ಒಂದು ಪುಟ್ಟ ಡೀಸೆಲ್ ಎಂಜಿನ್ ಕಟ್ಟಿದ ಹಾಗೆ. ಮಷೀನ್ ಆಯಿಲ್, ಕೊಬ್ಬರಿ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ, ಯಾವುದೂ ಗಾಳಿ ಹಾಯುವ ದಾರಿಗೆ ಬೇಡ. ಕುಸುಬಿ ಎಣ್ಣೆ ಮಿರ್ಚಿ ಭಜಿಗೆ ಇರಲಿ. ಇಲ್ಲಿಗೆ ಬೇಕಾದದ್ದು ಶುದ್ಧ ಸಿಲಿಕೋನ್ ಗ್ರೀಸ್, ಅದೂ ಓ-ರಿಂಗ್ (ಗಾಳಿ ತಡೆಯುವ ರಬ್ಬರ್ ಬಳೆ) ಹೊಳೆಯುವಷ್ಟು ಮಾತ್ರ.

ಸ್ಪ್ರಿಂಗ್ ಅಂದ ಮೆಕ್ಯಾನಿಕ್ ಸುಳ್ಳು ಹೇಳಿಲ್ಲ. ಅವರಿಗೆ ಗೊತ್ತಿರುವ ಬಂದೂಕು ಬೇರೆ, ಅಷ್ಟೇ. ಶರಣಬಸವೇಶ್ವರ ಜಾತ್ರೆಯಲ್ಲಿ ಬಲೂನಿಗೆ ಹೊಡೆಯುವ ಬಂದೂಕು ಸ್ಪ್ರಿಂಗಿನದು. ನಳಿಕೆ ಬಗ್ಗಿಸಿದಾಗ ಒಳಗೆ ದಪ್ಪ ಸ್ಪ್ರಿಂಗ್ ಕುಗ್ಗುತ್ತದೆ. ಕುದುರೆ (ಟ್ರಿಗರ್) ಎಳೆದಾಗ ಅದು ಪಿಸ್ಟನ್ ನೂಕಿ ಆ ಕ್ಷಣಕ್ಕೆ ಬೇಕಾದ ಗಾಳಿ ಒತ್ತುತ್ತದೆ. ಅಲ್ಲಿ ಶಕ್ತಿ ಕಮ್ಮಿಯಾದರೆ ಸ್ಪ್ರಿಂಗೇ ಕಾರಣ ಅನ್ನಬಹುದು. ನಿಮ್ಮದರಲ್ಲಿ ಗಾಳಿ ಮೊದಲೇ ಸಿಲಿಂಡರ್‌ನಲ್ಲಿ ತುಂಬಿದೆ. ಸೈಕಲ್ ಟ್ಯೂಬಿನ ವಾಲ್ವ್ ಪಿನ್ ಉಗುರಿನಲ್ಲಿ ಒತ್ತಿದರೆ "ಫಸ್" ಅನ್ನುತ್ತದಲ್ಲ, ಇಲ್ಲಿ ಉಗುರಿನ ಬದಲು ಒಂದು ಪುಟ್ಟ ಸುತ್ತಿಗೆ ಆ ಪಿನ್ನಿಗೆ ಕಣ್ಣು ಮಿಟುಕಿಸುವುದರೊಳಗೆ ತಟ್ಟಿ ಹಿಂದೆ ಸರಿಯುತ್ತದೆ. ಇದರಲ್ಲಿರುವ ಸ್ಪ್ರಿಂಗ್ ಆ ಸುತ್ತಿಗೆಯನ್ನು ನೂಕುವುದಕ್ಕೆ. ರೈಫಲ್ ಮೂಲೆಯಲ್ಲಿ ಸುಮ್ನೆ ನಿಂತಿರುವಾಗ ಗಾಳಿ ಹೋಗುವುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಇನ್ನು ಬಿಸಿಲು. ಇದರಲ್ಲಿ ಅರ್ಧ ನಿಜ ಇದೆ. ನಮ್ಮ ಕಡೆ ಮೇ ತಿಂಗಳಲ್ಲಿ ಸಂಜೆಯ ಕೋಣೆ ಒಲೆಯ ಹಾಗಿರುತ್ತದೆ. 42 ಡಿಗ್ರಿಯಲ್ಲಿ 200 ತುಂಬಿದ ಸಿಲಿಂಡರ್ ಬೆಳಗಿನ ಜಾವ 27 ಡಿಗ್ರಿಗೆ ಇಳಿದರೆ ಗೇಜ್ 190 ತೋರಿಸುತ್ತದೆ. ಒಂದು ಹನಿ ಗಾಳಿಯೂ ಆಚೆ ಹೋಗಿರುವುದಿಲ್ಲ. ಮಧ್ಯಾಹ್ನ ಮತ್ತೆ ಏರುತ್ತದೆ. ಒಂದು ಡಿಗ್ರಿಗೆ ಮುಕ್ಕಾಲು ಬಾರ್‌ಗಿಂತ ಸ್ವಲ್ಪ ಕಮ್ಮಿ ಅಂತ ಲೆಕ್ಕ ಇಟ್ಟುಕೊಳ್ಳಿ. ಪಂಪ್ ಹೊಡೆದ ತಕ್ಷಣ ಗಾಳಿ ತಾನೂ ಬಿಸಿಯಾಗಿರುತ್ತದೆ. ಹಾಗಾಗಿ ತುಂಬಿ ಅರ್ಧ ಗಂಟೆ ಬಿಟ್ಟು ನೋಡಿದ ಅಂಕಿಯೇ ನಿಜವಾದ ಅಂಕಿ. ಇಷ್ಟೆಲ್ಲ ಕಳೆದರೂ ನಿಮ್ಮ 50ರಲ್ಲಿ 10, ಹೆಚ್ಚೆಂದರೆ 15 ಬಾರ್ ಬಿಸಿಲಿನ ಪಾಲು. ಉಳಿದದ್ದು ನಿಜವಾಗಿಯೂ ಎಲ್ಲೋ ಸೋರುತ್ತಿದೆ.

ಬಿಸಿಲಿನ ಮಾತು ಬಂದಿದ್ದಕ್ಕೆ ಇನ್ನೊಂದು. ತುಂಬಿದ ಸಿಲಿಂಡರನ್ನು ಕಾರಿನಲ್ಲಿ ಬಿಟ್ಟು ಹೋಗಬೇಡಿ. ಬಿಸಿಲಿಗೆ ನಿಂತ ಕಾರಿನೊಳಗೆ 60 ಡಿಗ್ರಿ ಆಗುವುದು ಏನೂ ದೊಡ್ಡ ಮಾತಲ್ಲ. ಬೆಳಿಗ್ಗೆ ತಂಪಿನಲ್ಲಿ ತುಂಬಿದ 200 ಅಲ್ಲಿ 220 ದಾಟುತ್ತದೆ.

ಈಗ ಅಸಲು ಕೆಲಸಕ್ಕೆ ಬರೋಣ. ನನ್ನ ಟೇಬಲ್‌ಗೆ ಬರುವ ರೈಫಲ್‌ಗಳಲ್ಲಿ ಸೋರಿ ಸೋರಿ ಹಾಳಾದವು ಕಮ್ಮಿ. ಎಲ್ಲಿ ಸೋರುತ್ತಿದೆ ಅಂತ ನೋಡದೆ ಬಿಚ್ಚಿ ಹಾಳಾದವೇ ಜಾಸ್ತಿ. ಒಬ್ಬರು ಒಂದು ರೈಫಲ್ ತಂದಿದ್ದರು. ನಳಿಕೆಯ ಕೆಳಗಿನ ಕೊಳವೆಯಲ್ಲಿ ಸೂಜಿ ಮೊನೆಯಷ್ಟು ತೂತು ಇತ್ತು, ಅದರಿಂದ ಗಾಳಿ ಬರುತ್ತಿತ್ತು. ಅವರು ಅದಕ್ಕೆ ನೀಟಾಗಿ ಎಂ-ಸೀಲ್ ತುಂಬಿದ್ದರು, ಮೇಲೆ ಕಪ್ಪು ಬಣ್ಣ ಬೇರೆ. ಆ ತೂತು ಕಂಪನಿಯೇ ಬಿಟ್ಟದ್ದು. ಪೆಲೆಟ್ ಹಿಂದಿನ ಒತ್ತಡವನ್ನು ಒಂದೇ ಸಮ ಇಡುವ ರೆಗ್ಯುಲೇಟರ್ ಹೊರಗಿನ ಗಾಳಿಯ ಒತ್ತಡ ನೋಡಿಕೊಂಡು ಕೆಲಸ ಮಾಡಬೇಕು, ಅದಕ್ಕೆ ಉಸಿರಾಡುವ ಕಿಂಡಿ ಅದು. ಅಲ್ಲಿ ಗಾಳಿ ಬಂದರೆ ಒಳಗಿನ ಓ-ರಿಂಗ್ ಹೋಗಿದೆ ಅಂತ ಅರ್ಥ. ಅದನ್ನು ಮುಚ್ಚಿದ ಮೇಲೆ ರೆಗ್ಯುಲೇಟರ್ ದಿಕ್ಕು ತಪ್ಪಿ, ಪೆಲೆಟ್ ಒಂದು ಮೇಲೆ ಒಂದು ಕೆಳಗೆ. ಓ-ರಿಂಗ್ ಬದಲಿಸಲು ಇಪ್ಪತ್ತು ನಿಮಿಷ ಸಾಕಾಯಿತು. ಎಂ-ಸೀಲ್ ಕೆತ್ತಲು ಅರ್ಧ ದಿನ ಹಿಡಿಯಿತು.

ಆದ್ದರಿಂದ ಮೊದಲು ಸೋರಿಕೆಯ ವಿಳಾಸ ಪತ್ತೆ ಮಾಡಿ. ಆದರೆ ಶುರು ಮಾಡುವ ಮುಂಚೆ, ಕೆಳಗೆ 03/2013ರ ಬಗ್ಗೆ ಹೇಳಿರುವುದನ್ನು ಓದಿಬಿಡಿ. ಎರಡು ಸಂಜೆ ಸಾಕು, ಸ್ಪ್ಯಾನರ್ ಮುಟ್ಟುವ ಹಾಗಿಲ್ಲ.

ಮೊದಲ ಸಂಜೆ ಸಿಲಿಂಡರನ್ನು ರೈಫಲ್‌ನಿಂದ ಬೇರೆ ಮಾಡಿ. ಮ್ಯಾಚ್ ರೈಫಲ್‌ನ ಸಿಲಿಂಡರ್ ಕೈಯಲ್ಲೇ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ, ಅದರ ಬಾಯಲ್ಲಿ ಅದರದ್ದೇ ವಾಲ್ವ್ ಇರುತ್ತದೆ. ತುಂಬಿ, ತಣಿಯಲು ಬಿಟ್ಟು, ಅಂಕಿ ಬರೆದುಕೊಂಡು ಪ್ರತ್ಯೇಕವಾಗಿ ಇಡಿ. ಕೋಣೆಯ ಉಷ್ಣತೆಯನ್ನೂ ಬರೆಯಿರಿ. ಬೆಳಿಗ್ಗೆ ಮತ್ತೆ ನೋಡಿ. ಗೇಜ್ ಸಿಲಿಂಡರ್ ಮೇಲೇ ಇದ್ದರೆ ಸರಿ, ಇಲ್ಲದಿದ್ದರೆ ಪಂಪಿಗೆ ಕೂಡಿಸಿ ನೋಡಿ. ಬಿಸಿಲಿನ ಲೆಕ್ಕ ಕಳೆದ ಮೇಲೂ ಇಳಿದಿದ್ದರೆ ಕಳ್ಳ ಸಿಲಿಂಡರ್‌ನಲ್ಲೇ ಇದ್ದಾನೆ: ಅದರ ಬಾಯಿಯ ವಾಲ್ವ್ ಅಥವಾ ಗೇಜ್ ಕೂತಿರುವ ಜಾಗ. ಸೋಪಿನ ನೀರನ್ನು ಬ್ರಷ್‌ನಲ್ಲಿ ಹಚ್ಚಿ ಎರಡು ನಿಮಿಷ ಕಾಯಿರಿ. ಗುಳ್ಳೆ ಒಮ್ಮೆಲೇ ಬರಬೇಕು ಅಂತಿಲ್ಲ. ರಾತ್ರಿಗೆ 40 ಬಾರ್ ಹೋಗುವ ಸೋರಿಕೆಗೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೆ ಒಂದು ಏಳುತ್ತವೆ, ಕಿವಿಗೆ ಏನೂ ಕೇಳಿಸದೇ ಇರಬಹುದು. ನೋಡಿದ ಮೇಲೆ ಒರೆಸಿ ಒಣಗಿಸಿ.

ಸಿಲಿಂಡರ್ ಗಾಳಿ ಹಿಡಿದುಕೊಂಡಿದ್ದರೆ, ಎರಡನೇ ಸಂಜೆ ಅದನ್ನು ರೈಫಲ್‌ಗೆ ಹಾಕಿ. ಪೆಲೆಟ್ ಇಲ್ಲ ಅಂತ ಎರಡು ಸಲ ನೋಡಿ. ಸುರಕ್ಷಿತ ದಿಕ್ಕಿಗೆ ಖಾಲಿ ಒಂದು ಸಲ ಹೊಡೆದು, ಲಿವರ್ ಮುಚ್ಚಿದ ಹಾಗೇ ಬಿಡಿ. ಈಗ ನಳಿಕೆಯ ತುದಿಗೆ ಒಂದು ಬಲೂನು ಕಟ್ಟಿ. ಜಾತ್ರೆಯಲ್ಲಿ ಬಂದೂಕಿನಿಂದ ಬಲೂನಿಗೆ ಹೊಡೆಯುತ್ತಾರೆ, ಇಲ್ಲಿ ಬಂದೂಕಿಗೇ ಬಲೂನು. ನಿಮ್ಮ ಸಿಲಿಂಡರ್ 180 ಮಿಲಿ ಲೀಟರ್‌ನದು ಅಂದುಕೊಂಡರೆ, 40 ಬಾರ್ ಅಂದರೆ ಸುಮಾರು 7 ಲೀಟರ್ ಗಾಳಿ. ಒಂದೇ ಗಂಟೆಯಲ್ಲಿ ಬಲೂನು ಎದ್ದು ನಿಲ್ಲುತ್ತದೆ. ನಿಂತರೆ ಒಳಗಿನ ಮುಖ್ಯ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಬಲೂನು ಜೋತುಬಿದ್ದೇ ಇದ್ದರೆ ಸಿಲಿಂಡರ್ ಕೂಡುವ ಜಾಗ, ಆ ಉಸಿರಾಡುವ ಕಿಂಡಿ, ಗೇಜಿನ ಬುಡ, ಇಷ್ಟಕ್ಕೆ ಸೋಪಿನ ನೀರು ಹಚ್ಚಿ ನೋಡಿ. ನಳಿಕೆಯ ಬಾಯಿಗೆ ಕಿವಿ ಇಟ್ಟು ಕೇಳುವವರಿದ್ದಾರೆ, ಬೆರಳು ಇಟ್ಟು ನೋಡುವವರೂ ಇದ್ದಾರೆ. ದಯವಿಟ್ಟು ಅದು ಬೇಡ.

ನೀವು ಬರೆದದ್ದು ನೋಡಿದರೆ ನನಗೆ ಸಿಲಿಂಡರ್ ಕೂಡುವ ಜಾಗದ ಓ-ರಿಂಗ್ ಅಥವಾ ಮುಖ್ಯ ವಾಲ್ವ್ ಮೇಲೆ ಅನುಮಾನ. ಮೊದಲನೆಯದಾದರೆ ನಿಮ್ಮ ಅದೃಷ್ಟ. ಹತ್ತಿಪ್ಪತ್ತು ರೂಪಾಯಿಯ ರಬ್ಬರ್ ಬಳೆ ಅದು. ಸಿಲಿಂಡರನ್ನು ಪ್ರತಿ ಸಲ ಬಿಚ್ಚಿ ಹಾಕುವಾಗ ಉಜ್ಜಿ ಸವೆಯುತ್ತದೆ. ಅದನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿಯಿರಿ. ಎರಡು ಬೆರಳಲ್ಲಿ ಸ್ವಲ್ಪ ಹಿಗ್ಗಿಸಿ ನಿಧಾನಕ್ಕೆ ತಿರುಗಿಸುತ್ತಾ ಹೋಗಿ. ಒಳ್ಳೇ ಓ-ರಿಂಗ್ ಒಂದೇ ಸಮ ಮಂಕು ಕಪ್ಪಾಗಿರುತ್ತದೆ. ಹೋದದ್ದರಲ್ಲಿ ಒಂದು ಕಡೆ ಚಪ್ಪಟೆಯಾಗಿ ಹೊಳೆಯುವ ಪಟ್ಟಿ ಕಾಣುತ್ತದೆ, ಇಲ್ಲವೇ ಬ್ಲೇಡಿನಲ್ಲಿ ಗೀರಿದ ಹಾಗೆ ಕೂದಲೆಳೆಯ ಸೀಳು. ಬರಿಗಣ್ಣಿಗೆ ಕಾಣದಿದ್ದರೆ ಅಕ್ಕಸಾಲಿಗರ ಹತ್ತಿರ ಇರುವ ಭೂತಗಾಜು ಕೇಳಿ ನೋಡಿ. ಅದರ ಮೈಮೇಲೆ ಸಣ್ಣ ಗುಳ್ಳೆ ಎದ್ದ ಹಾಗಿದ್ದರೆ, ಯಾರೋ ಗಾಳಿಯನ್ನು ರಪ್ಪನೆ ಬಿಟ್ಟಿದ್ದಾರೆ ಅಂತ ಅರ್ಥ. ಹೆಚ್ಚು ಒತ್ತಡದಲ್ಲಿ ರಬ್ಬರ್ ಗಾಳಿಯನ್ನು ಹೀರಿಕೊಂಡಿರುತ್ತದೆ. ಒಮ್ಮೆಲೇ ಒತ್ತಡ ಇಳಿಸಿದರೆ ಆ ಗಾಳಿ ಒಳಗಿಂದಲೇ ಒಡೆದುಕೊಂಡು ಬರುತ್ತದೆ.

ಅದನ್ನು ತೆಗೆಯಲು ಸೂಜಿ, ಸ್ಕ್ರೂಡ್ರೈವರ್ ಬೇಡ, ಬಿದಿರಿನ ಹಲ್ಲುಕಡ್ಡಿ ಸಾಕು. ರಬ್ಬರ್ ಕೂರುವ ಕಾಲುವೆಯಲ್ಲಿ ಒಂದು ಗೀರು ಬಿದ್ದರೆ ಆಮೇಲೆ ಎಷ್ಟು ಓ-ರಿಂಗ್ ಹಾಕಿದರೂ ಸೋರುತ್ತದೆ. ಹೊಸದನ್ನು ಕಂಪನಿಯ ಕಿಟ್‌ನಿಂದಲೇ ತನ್ನಿ. ಹೈಡ್ರಾಲಿಕ್ ಅಂಗಡಿಯಲ್ಲಿ ಅದೇ ಅಳತೆಯದು ಸಿಗುತ್ತದೆ, ನಿಜ. ಆದರೆ ರಬ್ಬರ್‌ಗೆ ಗಡಸುತನ ಅಂತ ಒಂದಿದೆ. ನೀರಿನ ನಲ್ಲಿಗೆ ಹಾಕುವುದು ಸಾಮಾನ್ಯವಾಗಿ 70 ಶೋರ್. ಹೆಚ್ಚು ಒತ್ತಡ ತಡೆಯುವ ಜಾಗಕ್ಕೆ ಹಲವು ಕಡೆ 90 ಬೇಕಾಗುತ್ತದೆ. 200 ಬಾರ್ ಅಂದರೆ ನಿಮ್ಮ ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ ಎರಡು ಕ್ವಿಂಟಲ್ ತೊಗರಿ ಹೇರಿದ ಹಾಗೆ. ಮೆತ್ತಗಿನ ರಬ್ಬರ್ ಸಂದಿಯಲ್ಲಿ ಚೂಯಿಂಗ್ ಗಮ್‌ನಂತೆ ಹೊರಗೆ ಹಿಂಡಿಕೊಳ್ಳುತ್ತದೆ. ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತುವ ಅಭ್ಯಾಸ ಪ್ಲಂಬರ್‌ಗಳಿಂದ ಬಂದದ್ದು. ಇಲ್ಲಿ ಗಾಳಿ ತಡೆಯುವುದು ಥ್ರೆಡ್ ಅಲ್ಲ, ಓ-ರಿಂಗ್. ಟೇಪಿನ ಚೂರು ಒಳಗೆ ಹೋಗಿ ವಾಲ್ವ್ ಮೇಲೆ ಕೂತರೆ ಇಲ್ಲದ ರೋಗ ತಂದುಕೊಂಡ ಹಾಗೆ.

ಬಲೂನು ಊದಿದರೆ ವಿಷಯ ಬೇರೆ. ಮುಖ್ಯ ವಾಲ್ವ್ ಕೂರುವ ಸೀಟು ಗಟ್ಟಿ ಪ್ಲಾಸ್ಟಿಕ್ಕಿನದು. ಅದರ ಮೇಲೆ ಒಂದು ಧೂಳಿನ ಕಣ ಕೂತರೂ ಸೋರುತ್ತದೆ. ಶಹಾಬಾದ್, ಸೇಡಂ ಕಡೆಯಿಂದ ಬರುವ ರೈಫಲ್‌ಗಳ ಫಿಲ್ಲಿಂಗ್ ಬಾಯಿಯಲ್ಲಿ ನಾನು ನೋಡುವುದು ಹಿಟ್ಟಿನಂಥ ಕಲ್ಲಿನ ಪುಡಿ. ಪಂಪಿನ ಮೊದಲ ಹೊಡೆತಕ್ಕೆ ಅದು ಸೀದಾ ಒಳಗೆ ಹೋಗುತ್ತದೆ. ಫಿಲ್ಲಿಂಗ್ ಬಾಯಿಗೆ ಮುಚ್ಚಳ ಹಾಕುತ್ತಿದ್ದೀರಾ? ಕಳೆದುಹೋಗಿದ್ದರೆ ಒಂದು ಪೆನ್ನಿನ ಕ್ಯಾಪ್ ಆದರೂ ಹಾಕಿ.

ಧೂಳಿಗಿಂತ ದೊಡ್ಡ ಶತ್ರು ನೀರು. ಹ್ಯಾಂಡ್ ಪಂಪ್ ಹೊಡೆದಾಗ ಗಾಳಿಯ ಜೊತೆ ಅದರ ತೇವವೂ ಒತ್ತಿಕೊಂಡು ಹನಿಯಾಗುತ್ತದೆ. ಮಳೆಗಾಲದಲ್ಲಿ 100ರಿಂದ 200ಕ್ಕೆ ಒಂದು ಸಲ ತುಂಬಿದರೆ ಹಲವು ಹನಿ ನೀರು ಆಗುವಷ್ಟು ತೇವ ಆ ಗಾಳಿಯಲ್ಲಿರುತ್ತದೆ. ಸ್ವಲ್ಪ ಪಂಪಿನಲ್ಲೇ ನಿಲ್ಲುತ್ತದೆ, ಉಳಿದದ್ದು ರೈಫಲ್ ಪಾಲು. ಬೇಸಿಗೆಯಲ್ಲಿ ನಮ್ಮ ಒಣ ಹವೆ ಒಂದು ವರ. ಆದರೆ ಜುಲೈನಿಂದ ಸೇರಿದ ನೀರು ಏಪ್ರಿಲ್‌ಗೆ ತನ್ನ ಕೆಲಸ ತೋರಿಸುತ್ತದೆ. ಎರಡು ಮೂರು ನಿಮಿಷ ಹೊಡೆದು ಪಂಪ್ ತಣಿಯಲು ಬಿಡಿ, ನಡುನಡುವೆ ಬ್ಲೀಡ್ ಸ್ಕ್ರೂ ತೆಗೆದು ನೀರು ಊದಿಸಿ. ಪಂಪಿನ ಗಾಳಿ ಒಳಬರುವ ಕಡೆ ಸಿಲಿಕಾ ಜೆಲ್ ಫಿಲ್ಟರ್ ಹಾಕಿಕೊಂಡರೆ ಇನ್ನೂ ಒಳ್ಳೆಯದು.

ಇಷ್ಟು ಹೊತ್ತು ಮಾತಾಡಿದ್ದು ಒಂದೇ ರೋಗದ ಬಗ್ಗೆ. ನಿಮ್ಮ ರೈಫಲ್‌ಗೆ ಎರಡಿವೆ. ಹತ್ತು ನಿಮಿಷ ಬಿಟ್ಟು ಹೊಡೆದ ಮೊದಲ ಪೆಲೆಟ್ ಮೇಲೆ ಹೋಗುತ್ತದೆ ಅಂದಿರಲ್ಲ, ಅದು ಸೋರಿಕೆಯಿಂದ ಆಗುವ ಕೆಲಸ ಅಲ್ಲ. ಅದು ರೆಗ್ಯುಲೇಟರ್. ಮನೆ ಮೇಲಿನ ಟ್ಯಾಂಕ್ ತುಂಬಿರಲಿ, ಅರ್ಧ ಇರಲಿ, ಕೆಳಗೆ ಫ್ಲಶ್ ಡಬ್ಬಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ಫ್ಲೋಟ್ ವಾಲ್ವ್ ಇರುವುದರಿಂದ. ರೆಗ್ಯುಲೇಟರ್ ಮಾಡುವುದೂ ಅಷ್ಟೇ. ಸಿಲಿಂಡರ್‌ನಲ್ಲಿ 200 ಇರಲಿ, 120 ಇರಲಿ, ಪೆಲೆಟ್‌ನ ಹಿಂದೆ ಪ್ರತಿ ಸಲ ಒಂದೇ ಒತ್ತಡ. ಫ್ಲೋಟ್ ವಾಲ್ವ್ ಪೂರ್ತಿ ಮುಚ್ಚದಿದ್ದರೆ ಏನಾಗುತ್ತದೆ? ಡಬ್ಬಿ ನಿಧಾನಕ್ಕೆ ಮಟ್ಟ ಮೀರಿ ತುಂಬುತ್ತದೆ. ಮಗಳು ಒಂದರ ಹಿಂದೆ ಒಂದು ಹೊಡೆಯುವಾಗ ಅದಕ್ಕೆ ಏರಲು ಸಮಯ ಸಿಗುವುದಿಲ್ಲ, ಹತ್ತು ನಿಮಿಷ ನಿಂತರೆ ಸಿಗುತ್ತದೆ.

ಎಷ್ಟು ವ್ಯತ್ಯಾಸ ಅಂತ ಲೆಕ್ಕ ಹಾಕಬಹುದು. ಮ್ಯಾಚ್ ಪೆಲೆಟ್ ಸೆಕೆಂಡಿಗೆ ಸುಮಾರು 175 ಮೀಟರ್ ಓಡುತ್ತದೆ. ಆ ವೇಗದಲ್ಲಿ 10 ಮೀಟರ್ ಹೋಗುವುದರೊಳಗೆ 16 ಮಿಲಿಮೀಟರ್ ಕೆಳಗೆ ಇಳಿಯುತ್ತದೆ. ವೇಗ 185ಕ್ಕೆ ಏರಿದರೆ ಇಳಿಯುವುದು 14 ಚಿಲ್ಲರೆ. ಹೆಚ್ಚು ಕಡಿಮೆ ಎರಡು ಮಿಲಿಮೀಟರ್ ಮೇಲೆ. ಟಾರ್ಗೆಟ್‌ನ 10ರ ಚುಕ್ಕೆ ಅರ್ಧ ಮಿಲಿಮೀಟರ್, ಒಂದು ರಿಂಗ್‌ನಿಂದ ಇನ್ನೊಂದಕ್ಕೆ ಎರಡೂವರೆ. ಹುಡುಗಿ ತನ್ನ ಕೈ ನಡುಗಿತು ಅಂತ ಅಂದುಕೊಂಡಿರುತ್ತಾಳೆ, ಪಾಪ. ಅವಳದ್ದೇನೂ ತಪ್ಪಿಲ್ಲ ಅಂತ ಹೇಳಿ. ಆದರೆ ಖಚಿತ ಮಾಡಿಕೊಳ್ಳಲು ವೇಗ ಅಳೆಯುವ ಕ್ರೋನೋಗ್ರಾಫ್ ಬೇಕು. ಕೋಚ್ ಹತ್ತಿರ ಇರಬಹುದು, ಕೇಳಿ. ಹತ್ತು ನಿಮಿಷ ಬಿಟ್ಟು ಹೊಡೆದ ಮೊದಲ ಪೆಲೆಟ್, ತಕ್ಷಣದ ಐದು ಪೆಲೆಟ್, ಮತ್ತೆ ಹತ್ತು ನಿಮಿಷ, ಮತ್ತೆ ಒಂದು. ಇಷ್ಟು ಬರೆದಿಟ್ಟರೆ ಯಾವ ರಿಪೇರಿಯವರಿಗೂ ಅರ್ಧ ಕೆಲಸ ಮುಗಿದ ಹಾಗೆ. ಅಂದ ಹಾಗೆ ಡಯಾಪ್ಟರ್ (ಗುರಿ ನೋಡುವ ಕಿಂಡಿ), ನಳಿಕೆಯ ಸ್ಕ್ರೂ ಸಡಿಲ ಇಲ್ಲ ಅಂತ ಒಮ್ಮೆ ನೋಡಿಬಿಡಿ. ಮೊದಲ ಪೆಲೆಟ್ ಮಾತ್ರ ತಪ್ಪುತ್ತಿರುವುದರಿಂದ ಅದು ಇರಲಾರದು.

ಈಗ ನಿಮ್ಮ ಕೊನೆಯ ಸಾಲು. ನೀವು ಅದನ್ನು ಹೋಗುವಾಗ ಬರುವಾಗ ಕೇಳಿದ ಹಾಗೆ ಕೇಳಿದ್ದೀರಿ. ನನಗೆ ಪತ್ರದಲ್ಲಿ ಎಲ್ಲಕ್ಕಿಂತ ಕಣ್ಣಿಗೆ ಬಿದ್ದದ್ದು ಅದೇ. 03/2013 ಮಾಡೆಲ್ ನಂಬರ್ ಅಲ್ಲ, ತಾರೀಖು. ಕೆಲವು ಕಂಪನಿಗಳು ತಯಾರಾದ ತಿಂಗಳು ಕೆತ್ತುತ್ತವೆ, ಕೆಲವು ಮುಗಿಯುವ ತಿಂಗಳು. ಹಲವು ಮ್ಯಾಚ್ ರೈಫಲ್ ತಯಾರಕರು ಅಲ್ಯೂಮಿನಿಯಂ ಸಿಲಿಂಡರ್‌ಗೆ ಕೊಡುವ ಆಯುಸ್ಸು 10 ವರ್ಷ. ನಿಮ್ಮ ರೈಫಲ್‌ನ ಮ್ಯಾನುಯಲ್‌ನಲ್ಲಿ ಬರೆದಿರುತ್ತದೆ, ನೋಡಿ. 10 ವರ್ಷವೇ ಆದರೆ, ಅದು ತಯಾರಾದ ತಾರೀಖು ಅಂತ ತಿಳಿದರೂ 2023ರ ಮಾರ್ಚ್‌ಗೆ ಮುಗಿಯಿತು.

ಸುಮ್ನೆ ಮಾರಾಟ ಹೆಚ್ಚಿಸಲು ಹಾಗೆ ಹಾಕುತ್ತಾರೆ ಅನ್ನುವವರಿದ್ದಾರೆ. ತಂತಿಯೊಂದನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋಗಿ. ನೂರನೇ ಸಲವೂ ಚೆನ್ನಾಗಿಯೇ ಕಾಣುತ್ತದೆ, ನೂರಾ ಒಂದನೇ ಸಲ ತುಂಡಾಗುತ್ತದೆ. ಪ್ರತಿ ಸಲ ತುಂಬಿದಾಗ ಸಿಲಿಂಡರ್ ಕೂದಲೆಳೆಯಷ್ಟು ಹಿಗ್ಗುತ್ತದೆ, ಖಾಲಿಯಾದಾಗ ಕುಗ್ಗುತ್ತದೆ. ಅಲ್ಯೂಮಿನಿಯಂ ಅದನ್ನು ಮರೆಯುವುದಿಲ್ಲ. ಹೊರಗೆ ಪಾಲಿಶ್ ಹೊಳೆಯುತ್ತಿದ್ದರೂ ಒಳಗೆ ನಿಮ್ಮ ಪಂಪಿನ ನೀರು ಕೂತಿರಬಹುದು. ಸೋರುವ ಓ-ರಿಂಗ್ "ಫಸ್" ಅಂತ ಹೇಳಿಯಾದರೂ ಹೋಗುತ್ತದೆ, ಇದು ಹೇಳದೇ ಹೋಗುತ್ತದೆ. ಇನ್ನೊಂದು ಕಡೆಯಿಂದ ನೋಡಿದರೂ ಇದು ನಡೆಯುವುದಿಲ್ಲ. ಸಿಲಿಂಡರ್ ಅವಧಿಯೊಳಗೆ ಇರಬೇಕು, ಅದಕ್ಕೆ ಆಟಗಾರರೇ ಹೊಣೆ ಅಂತ ಅಂತಾರಾಷ್ಟ್ರೀಯ ಶೂಟಿಂಗ್ ನಿಯಮದಲ್ಲೇ ಇದೆ. ಸೆಲೆಕ್ಷನ್ ದಿನ ಉಪಕರಣ ಪರೀಕ್ಷೆಯಲ್ಲಿ ತಡೆದರೆ ಮಗಳ ಎರಡು ತಿಂಗಳ ಶ್ರಮ ಅಲ್ಲೇ ನಿಲ್ಲುತ್ತದೆ. ಎಲ್ಲಾದರೂ ನೀರಿನ ಒತ್ತಡದ ಟೆಸ್ಟ್ ಮಾಡಿಸಿ ಮುಂದುವರಿಸಬಹುದಾ ಅಂತ ಕೇಳುತ್ತೀರಿ. ತಯಾರಕರ ತಾರೀಖನ್ನು ಊರಿನ ಟೆಸ್ಟ್ ಮುಂದೂಡುವುದಿಲ್ಲ.

ಇದರಿಂದ ನಿಮ್ಮ ಖರ್ಚಿನ ಲೆಕ್ಕವೂ ಬದಲಾಗುತ್ತದೆ. ಮ್ಯಾನುಯಲ್ ನೋಡಿ ಅವಧಿ ಮುಗಿದಿದ್ದರೆ ಮೇಲೆ ಹೇಳಿದ ಸೋರಿಕೆಯ ಪರೀಕ್ಷೆಯನ್ನು ಈ ಸಿಲಿಂಡರ್‌ನಲ್ಲಿ ಮಾಡಲೇಬೇಡಿ. ಗಾಳಿ ನಿಧಾನಕ್ಕೆ ಬಿಟ್ಟು ಪಕ್ಕಕ್ಕಿಡಿ. ಹೊಸದು ದುಬಾರಿ, ಗೊತ್ತು. ಕೋಚ್‌ನಿಂದಲೋ ಜೊತೆಯ ಹುಡುಗಿಯರಿಂದಲೋ ಅದೇ ಮಾಡೆಲ್‌ನ ಅವಧಿಯಲ್ಲಿರುವ ಸಿಲಿಂಡರ್ ಎರಡು ದಿನಕ್ಕೆ ಕೇಳಿ ತಂದು ಪರೀಕ್ಷೆ ಮಾಡಿ. ಅದರಲ್ಲಿ ಗಾಳಿ ನಿಂತರೆ ಸೋರಿಕೆ ಹಳೇ ಸಿಲಿಂಡರ್‌ನದು, ಹೊಸದು ಬಂದ ದಿನವೇ ಆ ಸಮಸ್ಯೆ ಮುಗಿಯಿತು. ಹಳೆಯದನ್ನು ಹಾಗೇ ಗುಜರಿಗೆ ಹಾಕಬೇಡಿ. ಯಾರೋ ತೊಳೆದು ಮತ್ತೆ ಮಾರುತ್ತಾರೆ. ಪೂರ್ತಿ ಖಾಲಿ ಮಾಡಿ, ವಾಲ್ವ್ ತೆಗೆಸಿ, ಮೈಗೆ ಒಂದು ತೂತು ಕೊರೆಸಿ ಹಾಕಿ. ನಿಮಗೂ ಎರಡು ವರ್ಷದ ಹಿಂದೆ ಯಾರೋ ಹಾಗೇ ಮಾರಿರಬಹುದು.

ನೀವೇ ಏನು ಮಾಡಬಹುದು ಅಂದರೆ, ಪರೀಕ್ಷೆಗಳು, ಸಿಲಿಂಡರ್ ಕೂಡುವ ಜಾಗದ ಓ-ರಿಂಗ್, ಫಿಲ್ಲಿಂಗ್ ಬಾಯಿಯ ಸ್ವಚ್ಛತೆ, ಇಷ್ಟೇ. ಅದಕ್ಕೂ ಮೊದಲು ಸಿಲಿಂಡರ್ ಬಿಚ್ಚಿ, ರೈಫಲ್ ಒಳಗೆ ಉಳಿದ ಗಾಳಿ ಹೋಗಲು ಖಾಲಿಯಾಗಿ ಎರಡು ಮೂರು ಸಲ ಹೊಡೆದಿರಬೇಕು. ಗಾಳಿ ಇರುವಾಗ ಯಾವ ಸ್ಕ್ರೂಗೂ ಕೈ ಹಾಕಬಾರದು. "ಸ್ವಲ್ಪ ಟೈಟ್ ಮಾಡಿ ನೋಡ್ತೀನಿ" ಅನ್ನುವುದೂ ಬೇಡ. ಸಿಲಿಂಡರ್ ವಾಲ್ವ್ ಮತ್ತು ಗೇಜ್ ಬುಡ ಸೋರಿದರೆ ಮನೆಯಲ್ಲಿ ಬಿಚ್ಚಬೇಡಿ.

ಊರಿನ ಮೆಕ್ಯಾನಿಕ್‌ಗೆ ಕೊಡುವ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಒರಟು. ಡೀಸೆಲ್ ಪಂಪ್ ಕೆಲಸ ಗೊತ್ತಿರುವವರಿಗೆ ಈ ಒತ್ತಡದ ಮರ್ಯಾದೆ ಗೊತ್ತಿರುತ್ತದೆ, ಅವರು ಓ-ರಿಂಗ್ ಹಾಕಿಕೊಟ್ಟಾರು. ಲೇಥ್‌ನವರು ವಾಲ್ವ್ ಸೀಟನ್ನು ಚೂರು ತಿರುಗಿಸಿಕೊಡುತ್ತೇವೆ ಅಂದರೆ ಕೈಮುಗಿದು ಬನ್ನಿ. ರೆಗ್ಯುಲೇಟರ್ ಮತ್ತು ಮುಖ್ಯ ವಾಲ್ವ್ ಅನುಭವ ಇರುವವರ ಕೆಲಸ. ಬಿಚ್ಚಿದ ಮೇಲೆ ಒತ್ತಡ ಮತ್ತೆ ಹೊಂದಿಸಿ, ಕ್ರೋನೋಗ್ರಾಫ್ ಮುಂದೆ ಕೂತು ನೋಡಬೇಕು. ಅದಿಲ್ಲದೆ ಹೊಂದಿಸಿದ್ದು ಕಣ್ಣು ಮುಚ್ಚಿ ಉಪ್ಪು ಹಾಕಿದ ಹಾಗೆ.

ಬೆಂಗಳೂರಾಗಲಿ, ಪುಣೆಯಾಗಲಿ, ಹೈದರಾಬಾದಾಗಲಿ, ನಿಮ್ಮ ಕಂಪನಿಯ ರೈಫಲ್ ನೋಡುವವರು ಎಲ್ಲಿದ್ದಾರೋ ಅಲ್ಲಿಗೆ ಕಳಿಸಿ. ಕಲಬುರಗಿಯಿಂದ ಮೂರಕ್ಕೂ ರೈಲಿದೆ. ಆದರೆ ಹೋಗುವ ಮೊದಲು ಫೋನ್ ಮಾಡಿ ಎರಡು ಕೇಳಿ: ರೆಗ್ಯುಲೇಟರ್ ಕಿಟ್ ಕೈಯಲ್ಲಿದೆಯಾ, ಎಷ್ಟು ದಿನ? ಭಾಗ ಹೊರದೇಶದಿಂದ ಬರಬೇಕು ಅಂದರೆ ಎರಡು ತಿಂಗಳು ಅಲ್ಲೇ ಹೋಯಿತು. ಗಾಳಿ ತುಂಬಿದ ಸಿಲಿಂಡರನ್ನು ಪಾರ್ಸಲ್‌ಗೆ ಹಾಕಬೇಡಿ. ಕೊಂಡ ಬಿಲ್ಲಿನ ಪ್ರತಿ ಜೊತೆಗಿರಲಿ. 0.177 ಬೋರ್ ಮೀರದ, 20 ಜೂಲ್‌ಗಿಂತ ಕಡಿಮೆ ಶಕ್ತಿಯ ಏರ್ ರೈಫಲ್‌ಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕಿಲ್ಲ. ನಿಮ್ಮದು 8 ಜೂಲ್ ಆಸುಪಾಸು. ಆದರೂ ದಾರಿಯಲ್ಲಿ ಕೇಳಿದರೆ ತೋರಿಸಲು ಒಂದು ಕಾಗದ ಇದ್ದರೆ ಮಾತು ಬೇಗ ಮುಗಿಯುತ್ತದೆ. ರಿಪೇರಿಗೆ ಬಂದ ಕೈಗೆ ಸ್ವಲ್ಪ ಪವರ್ ಜಾಸ್ತಿ ಮಾಡಿಕೊಡಿ ಅನ್ನುವವರು ವಾರಕ್ಕೊಬ್ಬರು ಬರುತ್ತಾರೆ. ನಾನು ಮಾಡುವುದಿಲ್ಲ. 10 ಮೀಟರ್ ಕಾಗದಕ್ಕೆ 8 ಜೂಲ್ ಸಾಕಾಗಿ ಮಿಗುತ್ತದೆ. ಬೀಜಿಂಗ್‌ನಲ್ಲಿ 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ 10 ಮೀಟರ್ ಏರ್ ರೈಫಲ್‌ನಲ್ಲಿ.

ಅಲ್ಲಿಯವರೆಗೆ ಮಗಳ ಅಭ್ಯಾಸ ನಿಲ್ಲಬೇಕಾಗಿಲ್ಲ. ಕೇಳಿ ತಂದ ಸಿಲಿಂಡರ್ ಇದ್ದು, ಸೋರಿಕೆ ನಳಿಕೆಯಿಂದ ಮಾತ್ರ ನಿಧಾನಕ್ಕೆ ಆಗುತ್ತಿದ್ದರೆ, ತುಂಬಿ ಹೊಡೆಯಬಹುದು. ಹೊಡೆದಾದ ಮೇಲೆ ಸಿಲಿಂಡರ್ ಬಿಚ್ಚಿಡಲಿ. ಬಿಡುವು ಕೊಟ್ಟ ನಂತರದ ಮೊದಲ ಒಂದೆರಡು ಪೆಲೆಟ್‌ಗಳನ್ನು ಲೆಕ್ಕಕ್ಕೆ ಇಡದೆ ಹೊಡೆದು ಬಿಡಲಿ. ಸಿಲಿಂಡರ್ ಕೂಡುವ ಜಾಗದಲ್ಲೋ ಗೇಜ್ ಬುಡದಲ್ಲೋ ಗುಳ್ಳೆ ಬಂದರೆ ಅವತ್ತಿಗೇ ನಿಲ್ಲಿಸಿ. ಸಿಲಿಂಡರ್ ಸಿಗದಿದ್ದರೆ ಡ್ರೈ ಫೈರ್ ಇದೆಯಲ್ಲ. ಹೆಚ್ಚಿನ ಮ್ಯಾಚ್ ರೈಫಲ್‌ಗಳಲ್ಲಿ ಗಾಳಿ ಇಲ್ಲದೆ ಟ್ರಿಗರ್ ಅಭ್ಯಾಸಕ್ಕೆ ಒಂದು ವ್ಯವಸ್ಥೆ ಇರುತ್ತದೆ. ಗೋಡೆಗೆ ಒಂದು ಚುಕ್ಕೆ ಅಂಟಿಸಿ, ದಿನಕ್ಕೆ ಒಂದು ಗಂಟೆ.

ಮುಂದಿನ ಪತ್ರದಲ್ಲಿ ನನಗೆ ಬೇಕಾದದ್ದು ಇಷ್ಟು: ಮ್ಯಾನುಯಲ್‌ನಲ್ಲಿ ಸಿಲಿಂಡರ್ ಆಯುಸ್ಸು ಎಷ್ಟು ಬರೆದಿದೆ, ಕೇಳಿ ತಂದ ಸಿಲಿಂಡರ್‌ನ ರಾತ್ರಿ ಹತ್ತರ ಮತ್ತು ಬೆಳಿಗ್ಗೆ ಆರರ ಅಂಕಿ, ಆ ಹೊತ್ತಿನ ಉಷ್ಣತೆ, ಬಲೂನು ಊದಿತಾ ಇಲ್ಲವಾ. ರೈಫಲ್‌ನ ಫೋಟೋ ಬೇಡ. ಆ ಓ-ರಿಂಗ್ ತೆಗೆದಿದ್ದರೆ ಅದನ್ನೇ ಒಂದು ಬಿಳಿ ಕಾಗದದ ಮೇಲೆ ಇಟ್ಟು, ಹತ್ತಿರದಿಂದ ಫೋಟೋ ತೆಗೆದು ಕಳಿಸಿ.